ಮಳೆಯಲ್ಲಿ ನಿಂತ ಬೀರು

ಕಳೆದ ವರ್ಷ ನಾವು ಬಳ್ಳಾರಿಯ ಕೋಟೆಗುಡ್ಡದ ಕೆಳಗಿನ ಹಳೆಯ ಮನೆಯನ್ನು ಬಿಟ್ಟು ಊರ ಹೊರಗಿನ ಬಡಾವಣೆಗೆ ಬಂದೆವು. ಸಾಮಾನು ಸಾಗಿಸುವ ಕಂಪನಿಯವರು ಬೆಳಿಗ್ಗೆಯೇ ಬಂದು, ಗುಳ್ಳೆಗುಳ್ಳೆಯ ಪ್ಲಾಸ್ಟಿಕ್ ಹಾಳೆಯನ್ನು ಅಂಗಳದಲ್ಲಿ ಬಿಚ್ಚಿ, ಕುರ್ಚಿ ಮೇಜುಗಳಿಗೆ ಹಸುಗೂಸಿಗೆ ಬಟ್ಟೆ ಸುತ್ತಿದ ಹಾಗೆ ಸುತ್ತತೊಡಗಿದರು. ಸೋಫಾದ ಮೂಲೆಗಳಿಗೆ ರಟ್ಟು, ಮಂಚದ ಕಾಲುಗಳಿಗೆ ಥರ್ಮಾಕೋಲು. ಅವರಲ್ಲೊಬ್ಬ ನಮ್ಮ ಅತ್ತೆಯ ಕನ್ನಡಿ ಬೀರುವಿನ ಬಾಗಿಲನ್ನು ಭುಜ ಕೊಟ್ಟು ಒತ್ತಿ ನೋಡಿದ.

"ಮೇಡಂ, ಇದು ಮುಚ್ಚವಲ್ದು. ಏನು ಮಾಡೂದ್ರಿ?"

"ಅದು ಮುಚ್ಚಾಂಗಿಲ್ಲಪ್ಪ. ಹಂಗ ಹಗ್ಗ ಕಟ್ಟಿಬಿಡು."

"ನೀರು ಕುಡದೈತೇನ್ರಿ ಕಟ್ಟಿಗಿ?"

ಹೌದು ಎಂದೆ. ಅವನಿಗೆ ಕೆಲಸವಿತ್ತು, ಹೆಚ್ಚು ಕೇಳಲಿಲ್ಲ. ನಾನೂ ಅಡುಗೆಮನೆಯ ಕಡೆ ಹೋದೆ. ಆದರೆ ಆ ದಿನವೆಲ್ಲ ನನ್ನ ತಲೆಯಲ್ಲಿ ಸಿರುಗುಪ್ಪದಿಂದ ಬಳ್ಳಾರಿಗೆ ಬಂದ ಆ ಹಳೆಯ ಪ್ರಯಾಣವೇ ತುಂಬಿಕೊಂಡಿತ್ತು.

ಆಗ ನಾನು ಮದುವೆಯಾಗಿ ಕೆಲವು ವರ್ಷಗಳಾಗಿದ್ದವು. ನನ್ನ ಗಂಡ ಸಿರುಗುಪ್ಪದಲ್ಲಿ ಹೈಸ್ಕೂಲು ಮೇಷ್ಟ್ರು. ಮನೆಯಲ್ಲಿ ನಾವಿಬ್ಬರು ಮತ್ತು ಅತ್ತೆ; ಮಾವ ಮೊದಲೇ ತೀರಿಕೊಂಡಿದ್ದರು. ಬೇಸಿಗೆ ರಜೆಯಲ್ಲಿ ಮೇಷ್ಟ್ರಿಗೆ ಬಳ್ಳಾರಿಗೆ ವರ್ಗವಾಯಿತು. ನಾನು ಒಳಗೊಳಗೇ ಖುಷಿಪಟ್ಟೆ. ಅತ್ತೆ ಮಾತ್ರ ಸುದ್ದಿ ಕೇಳಿದ ಕೂಡಲೇ ಎದ್ದು ನಡುಮನೆಗೆ ಹೋಗಿ ಬೀರುವಿನ ಮುಂದೆ ನಿಂತುಬಿಟ್ಟರು.

"ಇದನ್ನ ಹೆಂಗ ಒಯ್ಯೂದು?" ಅಂದರು. ಮಗನ ವರ್ಗದ ಬಗ್ಗೆ ಅವರು ಆಡಿದ ಮೊದಲ ಮಾತೇ ಅದು.

ಆ ಬೀರು ಅವರ ತವರು ಕುರುಗೋಡಿನಿಂದ ಬಂದದ್ದು. ಅವರಪ್ಪ ಮಗಳ ಮದುವೆಗೆಂದು ಸಾಗವಾನಿ ತರಿಸಿ, ಬಡಗಿಯನ್ನು ಮನೆಯ ಕಟ್ಟೆಯ ಮೇಲೆಯೇ ಕೂರಿಸಿಕೊಂಡು ಮಾಡಿಸಿದ್ದರಂತೆ. ಬಾಗಿಲಿಗೆ ಆಳೆತ್ತರದ ಕನ್ನಡಿ. ಎತ್ತಿನ ಬಂಡಿಗೆ ಭತ್ತದ ಹುಲ್ಲು ಹಾಸಿ, ಅದರ ಮೇಲೆ ಹಳೆಬಟ್ಟೆಯ ಕೌದಿ ಹಾಕಿ, ಬೀರುವನ್ನು ಅಂಗಾತ ಮಲಗಿಸಿ ಸಿರುಗುಪ್ಪಕ್ಕೆ ತಂದಿದ್ದರು. ದಾರಿಯುದ್ದಕ್ಕೂ ಅವರಪ್ಪ ಬಂಡಿ ಹತ್ತಲೇ ಇಲ್ಲವಂತೆ. ಗಾಲಿ ತಗ್ಗಿಗೆ ಇಳಿದಾಗಲೆಲ್ಲ ಬೀರುವಿನ ಮೇಲೆ ಕೈಯಿಟ್ಟು, "ಸಾವಕಾಶ, ಸಾವಕಾಶ" ಎನ್ನುತ್ತ ಪಕ್ಕದಲ್ಲೇ ನಡೆದು ಬಂದಿದ್ದರಂತೆ. "ಎತ್ತಿಗೆ ಹೇಳತಿದ್ದನೋ, ಬೀರುವಿಗೆ ಹೇಳತಿದ್ದನೋ, ನನಗ ಹೇಳತಿದ್ದನೋ, ಇವತ್ತಿಗೂ ತಿಳಿವಲ್ದು ನೋಡು" ಎಂದು ಅತ್ತೆ ನಗುತ್ತಿದ್ದರು. ತಲೆ ಬಾಚಿಕೊಳ್ಳುವಾಗ ಅವರು ಆ ಕಥೆಯನ್ನು ಎಷ್ಟು ಸಲ ಹೇಳಿದ್ದರೋ, ಕೇಳಿ ಕೇಳಿ ನನಗೂ ಆ ಬಂಡಿಯ ಸದ್ದು ಪರಿಚಯವಾಗಿಹೋಗಿತ್ತು.

"ಅವ್ವಾ, ಅದನ್ನ ಇಲ್ಲೇ ಯಾರಿಗರ ಕೊಟ್ಟು ಬಿಡೂಣು. ಬಳ್ಳಾರಿಯಾಗ ಹೊಸ ಕಬ್ಬಿಣದ ಬೀರು ತಗಂಡ್ರಾತು" ಎಂದರು ನಮ್ಮ ಮನೆಯವರು.

"ನನ್ನೂ ಇಲ್ಲೇ ಯಾರಿಗರ ಕೊಟ್ಟು ಹೋಗಪಾ ಹಂಗಾರ" ಎಂದರು ಅತ್ತೆ. ಮಾತು ಅಲ್ಲಿಗೆ ಮುಗಿಯಿತು.

ಸಿರುಗುಪ್ಪದ ನಮ್ಮ ಮನೆಗೂ ಪಕ್ಕದ ಮನೆಗೂ ಒಂದೇ ಗೋಡೆ. ಅಲ್ಲಿ ಹಾಸಿಗೆ ಮಾಡುವ ಮುಸಲ್ಮಾನ ದಂಪತಿ ಇದ್ದರು. ಗಂಡ ಬಿಲ್ಲು ಹಿಡಿದು ಹತ್ತಿ ಹಿಂಜುತ್ತಿದ್ದ, ಹೆಂಡತಿ ಹಾಸಿಗೆ, ದಿಂಬು ಹೊಲಿಯುತ್ತಿದ್ದಳು. ಮನೆಯಲ್ಲಿ ಆಡುವುದು ಕನ್ನಡವೇ. ನಾನು ಅವರನ್ನು ಅಣ್ಣ, ಅಕ್ಕ ಎನ್ನುತ್ತಿದ್ದೆ. ಬಿಲ್ಲಿನ ಟಂವ್ ಟಂವ್ ಸದ್ದು ಗೋಡೆ ದಾಟಿ ನಮ್ಮ ಅಡುಗೆಮನೆಗೆ ಬರುತ್ತಿತ್ತು. ಅತ್ತೆಗೂ ಅಕ್ಕನಿಗೂ ಒಳ್ಳೆಯ ಮಾತುಕತೆ. ಕೊತ್ತಂಬರಿ, ಕರಿಬೇವು, ಉಪ್ಪಿನಕಾಯಿಗೆ ಮಾವಿನಕಾಯಿ, ಎಲ್ಲ ಗೋಡೆಯ ಮೇಲಿಂದಲೇ ಕೊಟ್ಟು ತೆಗೆದುಕೊಳ್ಳುವುದು. ಬೇಯಿಸಿದ್ದು ಮಾತ್ರ ಆ ಕಡೆಯಿಂದ ಈ ಕಡೆಗೆ ಬಂದದ್ದನ್ನು ನಾನು ನೋಡಿರಲಿಲ್ಲ. ಅದರ ಬಗ್ಗೆ ಇಬ್ಬರೂ ಮಾತಾಡುತ್ತಿರಲಿಲ್ಲ.

ಸಾಗಿಸಲು ಅಕ್ಕಿ ಗಿರಣಿಯ ಲಾರಿಯೊಂದು ಗೊತ್ತಾಯಿತು. ನಾವು ಮಂಚ ಬಿಚ್ಚಿದೆವು. ಯಾವ ಕಾಲು ಯಾವ ಮೂಲೆಯದೆಂದು ಮರೆಯಬಾರದೆಂದು ಮೇಷ್ಟ್ರು ಸುಣ್ಣದ ಕಡ್ಡಿಯಲ್ಲಿ ಗುರುತು ಹಾಕಿದರು. ಹಳೆಯ ಸೀರೆ ಹರಿದು ಕಾಲುಗಳಿಗೆ ಸುತ್ತಿದೆವು. ಹಗ್ಗ ಉಜ್ಜಿ ಬಣ್ಣ ಕೀಳದಂತೆ ಮೇಜಿನ ಅಂಚಿಗೆ ಗೋಣಿಚೀಲ ಮಡಿಸಿಟ್ಟೆವು. ಮನೆಯಲ್ಲಿದ್ದ ಕೌದಿಗಳೆಲ್ಲ ಪಾತ್ರೆಗಳಿಗೂ ಮಂಚಕ್ಕೂ ಖರ್ಚಾದವು. ಕನ್ನಡಿಗೆ ಏನೂ ಉಳಿಯಲಿಲ್ಲ.

ಅಕ್ಕ ಗೋಡೆಯ ಮೇಲಿಂದ ಇಣುಕಿದಳು. "ಯಮ್ಮಾ, ನಮ್ಮವು ಮದುವಿ ಹಾಸಿಗಿ ಬಳ್ಳಾರಿಗೇ ಹೋಗಬೇಕು. ಕೆಂಚನಗುಡ್ಡದ ಗೌಡರ ಮಗಳ ಮದುವಿ, ಗಂಡಿನ ಮನಿ ಕೌಲ್ ಬಜಾರದಾಗ ಐತಿ. ನಿಮ್ಮ ಬೀರುವಿಗೆ ಸುತ್ತಿ ಕಟ್ಟಿಬಿಡೂಣು. ನಮ್ಮ ಹಾಸಿಗಿನೂ ಹೋದಂಗಾತು, ನಿಮ್ಮ ಕನ್ನಡಿನೂ ಉಳದಂಗಾತು."

"ಮದುವಿ ಹಾಸಿಗಿ ಅಲ್ಲೇನವ್ವಾ, ಹೊಲಸಾದ್ರ?" ಎಂದರು ಅತ್ತೆ.

"ಮ್ಯಾಲ ಬಟ್ಟಿ ಕಟ್ಟತೀವಿ ತಗೋರಿ. ನಮ್ಮನಿಯವರೂ ಜತಿಗೆ ಬರ್ತಾರ."

ಹಾಗೆ ಕೆಂಪು ಪಟ್ಟೆಯ ಹೊಸ ಹಾಸಿಗೆಗಳನ್ನು ಬೀರುವಿನ ಮುಂದೆ ಹಿಂದೆ ನಿಲ್ಲಿಸಿ, ಬಗಲಿಗೆ ದಿಂಬು ತುರುಕಿ, ಮೇಲೆ ಧೋತರ ಸುತ್ತಿ, ಅಣ್ಣ ಹಗ್ಗ ಬಿಗಿದ. ಬೀರು ದಪ್ಪ ಹೊಟ್ಟೆಯ ಸಾಹುಕಾರನ ಹಾಗೆ ಲಾರಿಯಲ್ಲಿ ನಿಂತಿತು. ಓಣಿಯವರು ನೋಡಿ ನಕ್ಕರು. ಅತ್ತೆಯ ಮುಖದಲ್ಲೂ ಅಂದು ಮೊದಲ ಸಲ ನಗು ಬಂತು.

ಮನೆ ತೆರೆದಿಡಲು ಮೇಷ್ಟ್ರು ಸ್ಕೂಟರಿನಲ್ಲಿ ಮುಂದೆ ಹೋದರು. ಅತ್ತೆಗೆ ಡ್ರೈವರನ ಪಕ್ಕದಲ್ಲಿ ಜಾಗವಿತ್ತು, ಅವರು ಒಪ್ಪಲಿಲ್ಲ. ಹಿಂದೆ ಬೀರುವಿನ ಪಕ್ಕದಲ್ಲೇ ಮೂಟೆಯೊಂದರ ಮೇಲೆ ಕುಳಿತರು. ಹಾಗಾಗಿ ನಾನೂ ಹಿಂದೆಯೇ ಹತ್ತಿದೆ. ಅಣ್ಣ ಇನ್ನೊಂದು ಬದಿಗೆ ಹಗ್ಗ ಹಿಡಿದು ನಿಂತ. ಲಾರಿಯ ತುಂಬ ತೌಡಿನ ವಾಸನೆ. ಗದ್ದೆಗಳು ಕೊಯ್ಲು ಮುಗಿದು ಬಣ್ಣಗೆಟ್ಟಿದ್ದವು. ಕುರುಗೋಡಿನ ಗುಡ್ಡಗಳು ದೂರದಲ್ಲಿ ಕಂಡಾಗ ಅತ್ತೆ ಸೆರಗು ಸರಿಮಾಡಿಕೊಂಡು ಆ ಕಡೆಗೊಮ್ಮೆ ಕೈಮುಗಿದರು.

ಆ ಗುಡ್ಡಗಳ ಹಿಂದಿನಿಂದಲೇ ಮೋಡ ಬಂತು. ಬೇಸಿಗೆಯ ಮಳೆ, ಹೇಳಿ ಕೇಳಿ ಬರುವುದಲ್ಲ. ಮೊದಲು ಕೆಂಪು ಧೂಳಿನ ಗಾಳಿ, ಆಮೇಲೆ ಕಲ್ಲು ಎಸೆದಂತೆ ಹನಿ. ಡ್ರೈವರ್ ಲಾರಿ ನಿಲ್ಲಿಸಿ ಸೀಟಿನ ಹಿಂದಿನಿಂದ ತಾಡಪತ್ರಿ ಎಳೆದುಕೊಟ್ಟ. ಅರ್ಧ ಹರಿದು ಹೋಗಿತ್ತು. ಲಾರಿಗೆಲ್ಲ ಸಾಲುವುದಿರಲಿ, ನಿಂತ ಬೀರುವಿಗೆ ಹೊದಿಸಿದರೂ ಒಂದು ಮಗ್ಗುಲು ಹೊರಗುಳಿಯುವಷ್ಟೇ ಇತ್ತು. ಸುತ್ತ ಬಯಲು, ಒಂದು ಮರವಿಲ್ಲ.

"ಬೀರುವಿನ ಮ್ಯಾಲ ಹಾಕ್ರಿ" ಎಂದು ಕೂಗಿದೆ.

"ಹಾಸಿಗಿ ಬಿಚ್ಚೋ ತಮ್ಮಾ" ಎಂದರು ಅತ್ತೆ ಅಣ್ಣನಿಗೆ.

ಅವನು ಹಗ್ಗವನ್ನು ಇನ್ನಷ್ಟು ಬಿಗಿಯಾಗಿ ಹಿಡಿದ.

"ಬಿಚ್ಚು ಅಂದೆ. ಹಾಸಿಗಿ ಕೆಳಗ ಮಲಗಿಸು. ಅದರ ಮ್ಯಾಲ ತಾಡಪತ್ರಿ ಹಾಕು."

"ಯಮ್ಮಾ, ಹತ್ತಿ ತೋಯ್ದ್ರ ಒಣಗಿಸಿ ಮತ್ತ ಹಿಂಜತೀನ್ರಿ. ನಿಮ್ಮ ಸಾಗವಾನಿ ಉಬ್ಬಿದ್ರ ಏನು ಮಾಡತೀರಿ? ಬ್ಯಾಡ್ರಿ."

"ಮದುವಿ ಹುಡುಗಿದು ಅದು. ನಂದು ಮದುವಿ ಆಗಿ ಮುದುಕಿ ಆಗೀನಿ. ಬಿಚ್ಚು."

ಅವನು ಬೇಡ ಬೇಡ ಎನ್ನುತ್ತಿರುವಾಗಲೇ ಅತ್ತೆ ಎದ್ದು ತಾವೇ ಗಂಟಿಗೆ ಕೈ ಹಾಕಿದರು. ತೊಯ್ದ ಗಂಟು ಬಿಚ್ಚಲಿಲ್ಲ. ಹಲ್ಲಿನಿಂದ ಎಳೆದರು. ಕೊನೆಗೆ ಅಣ್ಣ ಸೋತು ಹಗ್ಗ ಬಿಡಿಸಿದ. ಮೂವರೂ ಸೇರಿ ಹಾಸಿಗೆಗಳನ್ನು ಒಂದರ ಮೇಲೊಂದು ಮಲಗಿಸಿ ತಾಡಪತ್ರಿ ಮುಚ್ಚಿದೆವು. ಗಾಳಿಗೆ ಅದು ಹಾರತೊಡಗಿತು. ಅತ್ತೆ ಒಂದಂಚಿನ ಮೇಲೆ ಕುಳಿತರು, ನಾನು ಇನ್ನೊಂದರ ಮೇಲೆ. ಅಣ್ಣ ಮಾತ್ರ ಬೀರುವನ್ನು ಬದಿಯಿಂದ ತಬ್ಬಿಕೊಂಡು ನಿಂತ, ತನ್ನ ಅಂಗಿ ಕಳಚಿ ಕನ್ನಡಿಯ ಮೇಲಂಚಿಗೆ ತುರುಕಿ, ನೀರು ಒಳಗಿಳಿಯದಂತೆ ಅಂಗೈಯಿಂದ ಒತ್ತಿಹಿಡಿದು.

ಆ ಹೊತ್ತಿನಲ್ಲಿ ನಾನು ಕಂಡ ನೋಟ ಮರೆಯುವಂಥದ್ದಲ್ಲ. ಬೀರು ನಮ್ಮೆದುರಿಗೇ ಇತ್ತು. ಆಳೆತ್ತರದ ಕನ್ನಡಿಯ ಮೇಲೆ ನೀರು ಹರಿಯುತ್ತಿತ್ತು. ಅದರೊಳಗೆ ಬೂದು ಬಯಲು, ಸೀಳಿ ಮಿಂಚುವ ಆಕಾಶ, ಮತ್ತು ಹಾಸಿಗೆಯ ಕಾವಲಿಗೆ ಕುಳಿತ ಎರಡು ಹೆಂಗಸರು. ಅತ್ತೆ ಕನ್ನಡಿಯನ್ನು ನೋಡಲೇ ಇಲ್ಲ. ತಲೆ ತಗ್ಗಿಸಿ ತಾಡಪತ್ರಿಯ ಅಂಚನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಳ್ಳುತ್ತಲೇ ಇದ್ದರು.

ಮೇಲಿನ ನೀರನ್ನು ತಡೆದೆವು. ಕೆಳಗಿನದನ್ನು ಯಾರೂ ಯೋಚಿಸಿರಲಿಲ್ಲ. ಲಾರಿಯ ನೆಲದಲ್ಲಿ ನೀರು ನಿಂತು, ತೌಡು ಕಲಸಿದ ಕೆಸರಾಗಿ, ತಳದ ಹಾಸಿಗೆ ಅದನ್ನೆಲ್ಲ ಹೀರಿಕೊಂಡಿತ್ತು. ಅದರಿಂದ ಮೇಲಿನದಕ್ಕೂ ಏರಿತ್ತು. ಬಳ್ಳಾರಿ ಮುಟ್ಟಿ ಎತ್ತಲು ಹೋದಾಗಲೇ ಗೊತ್ತಾದದ್ದು. ಅಣ್ಣ ಒಂದು ಮೂಲೆ ಹಿಂಡಿದ. ಕೆಂಪು ನೀರು ಸುರಿಯಿತು. ಅತ್ತೆ ಮೆಟ್ಟಿಲ ಮೇಲೆ ಕುಳಿತುಬಿಟ್ಟರು.

ನಮ್ಮ ಮನೆಯವರಿಗೆ ಸಿಟ್ಟೂ ನಗೆಯೂ ಒಟ್ಟಿಗೇ ಬಂದಿರಬೇಕು. "ಅಲ್ಲವ್ವಾ, ಬೀರು ಮುಚ್ಚಾಕ ಹಾಸಿಗಿ ತಂದಿ, ಹಾಸಿಗಿ ಮುಚ್ಚಾಕ ಬೀರು ತೋಯಿಸಿದಿ. ಈಗ ನೋಡು, ಎರಡೂ ಹೋದುವು."

"ಬೀರು ನಂದು, ತೊಯ್ಲಿ. ಆ ಹಾಸಿಗಿ ನಮ್ಮನ್ನ ನಂಬಿ ಕೊಟ್ಟಿದ್ದು" ಎಂದರು ಅತ್ತೆ. ಅಷ್ಟು ಹೇಳುವಾಗಲೇ ಅವರು ನಡುಗುತ್ತಿದ್ದರು. ಸಂಜೆಗೆ ಜ್ವರ ಬಂತು.

ಅಣ್ಣ ಅಂದೇ ಸಿರುಗುಪ್ಪದ ಬಸ್ಸು ಹತ್ತಿದ. ಮರುದಿನ ಬಿಲ್ಲಿನ ಜೊತೆ ಅಕ್ಕನನ್ನೂ ಕರೆತಂದ. ಅಕ್ಕ ಹಾಸಿಗೆಗಳನ್ನು ನೋಡಿದ್ದು ಆಮೇಲೆ. ಮೊದಲು ಅತ್ತೆಯ ಹಣೆ ಮುಟ್ಟಿದಳು. "ಬಗಬಗ ಅಂತೈತಲ್ಲ! ಹೊಟ್ಟಿಗೇನು ತಗಂಡಾರ?" ಎಂದು ನನ್ನನ್ನು ಕೇಳಿದಳು. ಏನೂ ಇಲ್ಲ ಎಂದೆ. ಸಾಮಾನು ಇನ್ನೂ ಗಂಟುಗಳಲ್ಲೇ ಇತ್ತು. ಅಕ್ಕ ಅಡುಗೆಮನೆಯ ಹೊಸ್ತಿಲವರೆಗೆ ಹೋಗಿ ನಿಂತು ಹಿಂತಿರುಗಿ ನೋಡಿದಳು.

ಅತ್ತೆ ಮಲಗಿದ್ದಲ್ಲಿಂದಲೇ ಅಂದರು: "ಯಾಕ ನಿಂತಿ? ಒಳಗ ಹೋಗು. ಮೆಣಸು, ಬೆಳ್ಳುಳ್ಳಿ ಆ ಡಬ್ಬಿಯಾಗ ಅದಾವು. ನಿನ್ನ ಕೈಲೆ ಖಾರ ಜಾಸ್ತಿ ಹಾಕಿ ಸಾರು ಮಾಡು. ಬಾಯಿ ಸಪ್ಪಗ ಆಗೈತಿ."

ಅಕ್ಕ ಒಳಗೆ ಹೋದಳು. ಒಲೆ ಹೊತ್ತಿಸುವ ಸದ್ದು ಕೇಳಿತು. ಹೊಸ ಮನೆಯಲ್ಲಿ ಹಾಲು ಉಕ್ಕಿಸುವ ಮುಂಚೆಯೇ ಮೆಣಸಿನ ಸಾರು ಕುದಿಯಿತು. ಅತ್ತೆ ಎರಡು ಬಟ್ಟಲು ಕುಡಿದು, "ಇಷ್ಟು ದಿನ ಗ್ವಾಡಿ ಆ ಕಡಿ ಇದನ್ನ ಇಟ್ಟುಗಂಡು ಕುಂತಿದ್ದಿಯೇನಲೇ?" ಎಂದರು. ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು.

ಮಳೆಯ ಮರುದಿನದಿಂದಲೇ ಬಳ್ಳಾರಿಯ ಬಿಸಿಲು ತನ್ನ ಕೆಲಸಕ್ಕೆ ಹಾಜರಾಗಿತ್ತು. ಮಾಳಿಗೆಯ ಮೇಲೆ ಸೀರೆಗಳನ್ನು ಹಾಸಿ, ಹಾಸಿಗೆಯ ಹೊಲಿಗೆ ಬಿಚ್ಚಿ, ಹತ್ತಿಯನ್ನೆಲ್ಲ ಹರವಿದೆವು. ತೌಡು ಹತ್ತಿದ್ದನ್ನು ನಾನು ಮತ್ತು ಅಕ್ಕ ಆರಿಸಿ ತೆಗೆದೆವು. ಹೊರಬಟ್ಟೆ ಬಣ್ಣ ಬಿಟ್ಟು ಹಾಳಾಗಿತ್ತು. ಮೇಷ್ಟ್ರು ಬಜಾರಕ್ಕೆ ಹೋಗಿ ಅಂಥದೇ ಪಟ್ಟೆಯ ಬಟ್ಟೆ ತಂದರು. ಹತ್ತಿ ಒಣಗಿದ ಮೇಲೆ ಅಣ್ಣ ಬಿಲ್ಲು ಹಿಡಿದು ಕುಳಿತ. ಟಂವ್ ಟಂವ್ ಸದ್ದಿಗೆ ಕೋಟೆಗುಡ್ಡದ ಪಾರಿವಾಳಗಳೆಲ್ಲ ಎದ್ದು ಹಾರಿದವು. ಹತ್ತಿಯ ನೊರೆ ಮಾಳಿಗೆ ತುಂಬ ಎದ್ದು ಪಕ್ಕದ ಮನೆಗಳಿಗೂ ಇಳಿಯಿತು. ಎದುರು ಮನೆಯ ಹಿರಿಯರೊಬ್ಬರು ಮೂಗಿಗೆ ವಸ್ತ್ರ ಹಿಡಿದುಕೊಂಡು ಜಗಳಕ್ಕೇ ಬಂದರು. ಬಂದವರು ಸ್ವಲ್ಪ ಹೊತ್ತು ನಿಂತು ನೋಡಿ, ಮರುದಿನ ತಮ್ಮ ಗಂಟುಗಟ್ಟಿದ ಹಾಸಿಗೆಯನ್ನು ತಲೆಯ ಮೇಲೆ ಹೊತ್ತುಕೊಂಡು ಮೆಟ್ಟಿಲು ಹತ್ತಿದರು. ಹೊಸ ಓಣಿಯಲ್ಲಿ ನಮಗೆ ಮೊದಲು ಪರಿಚಯವಾದವರು ಅವರೇ.

ಇದರ ನಡುವೆ ಒಂದು ಮಾತು ಬಂತು. ಕೆಂಚನಗುಡ್ಡದವರಿಗೆ ಹೇಳಬೇಕೋ ಬೇಡವೋ?

"ಹೊಸ ಬಟ್ಟಿ ಹಾಕಿ ಹೊಲಿದ ಮ್ಯಾಲ ಯಾರಿಗೆ ಗೊತ್ತಾಗತೈತಿ? ಸುಮ್ಮನ ಕಳಿಸಿಬಿಡೂಣು" ಎಂದರು ಮೇಷ್ಟ್ರು.

ಅಕ್ಕ ತಲೆಯಾಡಿಸಿದಳು. "ಮದುವಿ ಹಾಸಿಗಿ ಅಲ್ಲೇನ್ರಿ ಮೇಷ್ಟ್ರೇ. ಸುಳ್ಳು ತುಂಬಿ ಹೊಲ್ಯಾಕ ಬರಾಂಗಿಲ್ಲ."

ಗೌಡರಿಗೆ ಅವಳೇ ಹೇಳಿ ಕಳಿಸಿದಳು. ಅವರು ಟ್ರ್ಯಾಕ್ಟರಿನಲ್ಲಿ ಮದುವೆಯ ಪಾತ್ರೆಪಗಡ ಹೇರಿಕೊಂಡು ಕೌಲ್ ಬಜಾರಕ್ಕೆ ಬಂದವರು ನಮ್ಮ ಮನೆಗೇ ನೇರ ಬಂದರು. ದೊಡ್ಡ ಮೀಸೆ, ದೊಡ್ಡ ದನಿ, ಕನ್ನಡ ತೆಲುಗು ಎರಡೂ ಕಲಸಿದ ಮಾತು. ಮಾಳಿಗೆ ಹತ್ತಿ ಬಿಚ್ಚಿದ ಹತ್ತಿಯನ್ನು ಕಂಡವರೇ ಕೂಗಾಡಿದರು.

"ಏಮಮ್ಮಾ ಇದಿ! ಮಗಳ ಹಾಸಿಗಿ ಮಳ್ಯಾಗ ತೋಯಿಸಿ ಬಿಚ್ಚಿ ಹರವೀರಲ್ಲ, ಇದು ಅಪಶಕುನ ಅಲ್ಲೇನು?"

ಅಕ್ಕ, ಅಣ್ಣ ತಲೆ ತಗ್ಗಿಸಿ ನಿಂತರು. ಆಗ ಕೆಳಗಿನಿಂದ ಅತ್ತೆ ಕಂಬಳಿ ಹೊದ್ದುಕೊಂಡೇ ಒಂದೊಂದೇ ಮೆಟ್ಟಿಲು ಹತ್ತಿ ಬಂದರು.

"ಯಪ್ಪಾ, ನಿಂದು ಹೊಲ ಐತೇನು?"

"ಐತಿ. ಯಾಕ?"

"ಬಿತ್ತಾಕ ಮುಂಚೆ ಮಳಿ ಬಿದ್ರ ಅಪಶಕುನ ಅಂತ ಬೈತೀಯೇನು?"

ಗೌಡರು ಮೀಸೆಯ ಮೇಲೆ ಬಂದು ಕೂತ ಹತ್ತಿಯ ಎಳೆಯನ್ನು ಊದಿದರು. ಅಕ್ಕ ಆಗಲೇ ಹೊಲಿದು ಮುಗಿಸಿದ್ದ ಒಂದು ಹಾಸಿಗೆಯನ್ನು ನೆರಳಿಗೆ ಎಳೆದು, "ಗೌಡ್ರೇ, ನೀವ ನೋಡ್ರಿ. ಸರಿ ಇಲ್ಲಂದ್ರ ಮತ್ತ ಬಿಚ್ಚತೀವಿ" ಎಂದಳು. ಅವರು ಚಪ್ಪಲಿ ಬಿಟ್ಟು, ಮೊದಲು ಅಂಗೈ ಊರಿ, ಆಮೇಲೆ ಮೊಣಕೈ ಊರಿ, ಕೊನೆಗೆ ರುಮಾಲು ಬಿಚ್ಚಿಟ್ಟು ಅಂಗಾತ ಮಲಗಿದರು. ಪರೀಕ್ಷೆ ಮಾಡುತ್ತಿದ್ದಾರೆಂದು ನಾವೆಲ್ಲ ಸುತ್ತ ನಿಂತು ಕಾದೆವು. ಸ್ವಲ್ಪ ಹೊತ್ತಿನಲ್ಲೇ ಗೊರಕೆ ಕೇಳಿತು.

ಮದುವೆ ಮನೆಯ ಓಡಾಟದಲ್ಲಿ ಅವರು ಎಷ್ಟು ದಿನದಿಂದ ನಿದ್ದೆಗೆಟ್ಟಿದ್ದರೋ. ಯಾರಿಗೂ ಎಬ್ಬಿಸಲು ಮನಸ್ಸಾಗಲಿಲ್ಲ. ಅಣ್ಣ ಬಿಲ್ಲು ಕೆಳಗಿಟ್ಟ. ಅಕ್ಕ ಸದ್ದಾಗದಂತೆ ದಿಂಬು ಹೊಲಿದಳು. ಊಟದ ಹೊತ್ತು ಮೀರಿ ಅವರು ಎದ್ದು ಕುಳಿತು, ನಾಚಿದವರಂತೆ ಮೀಸೆ ಒರೆಸಿಕೊಂಡು, "ಬಾಗುಂದಿ, ಚಾಲಾ ಬಾಗುಂದಿ" ಎಂದು ತೆಲುಗಿನಲ್ಲೇ ಮೆಚ್ಚಿಕೊಂಡರು. ನಮ್ಮ ಜೊತೆ ಕುಳಿತು ರೊಟ್ಟಿ, ಬದನೆಕಾಯಿ ಪಲ್ಯ ಉಂಡರು. ಉಳಿದ ಹಾಸಿಗೆಗಳೂ ಮುಗಿದು ಅವರ ಟ್ರ್ಯಾಕ್ಟರು ಮತ್ತೆ ಬಂದಾಗ ಅತ್ತೆ ತಮ್ಮ ಕೌದಿಯನ್ನೇ ಹಾಸಿಗೆಗಳಿಗೆ ಹೊದಿಸಿ, ನಾಲ್ಕು ಮೂಲೆಯನ್ನೂ ತಾವೇ ಎಳೆದು ನೋಡಿ ಕಳಿಸಿಕೊಟ್ಟರು. ಕೌಲ್ ಬಜಾರು ಅಲ್ಲಿಂದ ಕೂಗಳತೆ, ಆಕಾಶದಲ್ಲಿ ಒಂದು ಮೋಡವಿರಲಿಲ್ಲ, ಆದರೂ.

ಆ ಮದುವೆಗೆ ನಮಗೂ ಕರೆ ಬಂತು, ಹೋಗಿ ಬಂದೆವು.

ಬೀರು ಮಾತ್ರ ಮೊದಲಿನಂತಾಗಲಿಲ್ಲ. ಬಾಗಿಲು ಉಬ್ಬಿ ಚೌಕಟ್ಟಿಗೆ ಕೂರದಾಯಿತು. ಬಡಗಿ ಹೆರೆದು ಕೂರಿಸುತ್ತೇನೆಂದು ಬಂದ, ಅತ್ತೆ ಉಳಿ ಮುಟ್ಟಗೊಡಲಿಲ್ಲ. ಕನ್ನಡಿಯ ಹಿಂದೆ ನೀರು ಇಳಿದಲ್ಲಿ ವರ್ಷ ಕಳೆದಂತೆ ಕಪ್ಪು ಚುಕ್ಕೆಗಳು ಎದ್ದವು. ಅಣ್ಣ ಮೇಲಂಚಿಗೆ ಅಂಗೈ ಒತ್ತಿ ಹಿಡಿದಿದ್ದ ಜಾಗದ ಕೆಳಗೆ, ನಡುಭಾಗವಷ್ಟೇ ತಿಳಿಯಾಗಿ ಉಳಿಯಿತು. ಅತ್ತೆ ಅಷ್ಟರಲ್ಲೇ ಮುಖ ನೋಡಿಕೊಂಡು ಕುಂಕುಮದ ಬದಲು ವಿಭೂತಿ ಹಚ್ಚಿಕೊಳ್ಳುತ್ತಿದ್ದರು. ಒಮ್ಮೆಯೂ ಆ ಮಳೆಯನ್ನು ಹಳಿದದ್ದನ್ನು ನಾನು ಕೇಳಲಿಲ್ಲ.

ಅಂದಿನಿಂದ ಪ್ರತಿ ಬೇಸಿಗೆಗೆ ಅಣ್ಣ, ಅಕ್ಕ ನಮ್ಮ ಮಾಳಿಗೆಗೆ ಬರತೊಡಗಿದರು. ಓಣಿಯ ಹಾಸಿಗೆಗಳೆಲ್ಲ ಅಲ್ಲಿಗೇ ಬರುತ್ತಿದ್ದವು. ಆಮೇಲೆ ಹತ್ತಿ ಹಿಂಜುವ ಯಂತ್ರ ಬಂತು, ಅದರ ಹಿಂದೆ ಫೋಮಿನ ಹಾಸಿಗೆ ಬಂತು. ಊರಲ್ಲಿ ಜೀನ್ಸ್ ಹೊಲಿಯುವವರು ಹೆಚ್ಚಿದಾಗ ಅಣ್ಣ ಅವರ ಚೂರುಬಟ್ಟೆ ತಂದು ದಿಂಬಿಗೆ ತುಂಬಿ ನೋಡಿದ. ಕಲ್ಲಿನಂತಾಯಿತು. ಒಂದು ವರ್ಷ ಅಣ್ಣನಿಗೆ ಮೆಟ್ಟಿಲು ಹತ್ತಲಾಗಲಿಲ್ಲ. ಮರುವರ್ಷ ಅಕ್ಕ ಒಬ್ಬಳೇ ಬಂದಳು. ಅತ್ತೆ ಅವಳ ಕೈಹಿಡಿದು ಬಹಳ ಹೊತ್ತು ಕುಳಿತಿದ್ದರು. ನಾನು ಚಹಾ ಇಟ್ಟು ಕೊಟ್ಟೆ, ಇಬ್ಬರದೂ ಆರಿಹೋಯಿತು.

ಅತ್ತೆಯ ಕೊನೆಯ ಬೇಸಿಗೆಯಲ್ಲೂ ಅಕ್ಕ ಬಂದಿದ್ದಳು. ಬಿಲ್ಲಿರಲಿಲ್ಲ. ಬೆರಳಿನಿಂದಲೇ ಹತ್ತಿ ಬಿಡಿಸಿ ಅತ್ತೆಗೊಂದು ದಿಂಬು ಮಾಡುತ್ತಿದ್ದಳು. ಇಳಿಬಿಸಿಲಿನ ಹೊತ್ತು, ಮಾಳಿಗೆಯ ಮೇಲೆ ಗೋಡೆಗೆ ಒರಗಿ ಇಬ್ಬರೂ ಕುಳಿತಿದ್ದರು. ನಾನು ಒಣಗಿದ ಬಟ್ಟೆ ತೆಗೆಯಲು ಹೋಗಿದ್ದೆ.

"ಇನ್ನಷ್ಟು ತುಂಬು. ಇದು ಮೆತ್ತಗ ಆತು" ಎಂದರು ಅತ್ತೆ.

"ಸಾಕು ಯಮ್ಮಾ. ಕುತ್ತಿಗಿ ನೋಯ್ತೈತಿ."

"ನನ್ನ ಕುತ್ತಿಗಿ ನನಗ ಗೊತ್ತಿಲ್ಲೇನು? ತುಂಬು ಅಂದ್ರ ತುಂಬು."

"ನಿಮ್ಮ ಹಟ ಬಿಡಾಂಗಿಲ್ಲ ನೋಡ್ರಿ" ಎಂದು ಗೊಣಗುತ್ತ ಅಕ್ಕ ಇನ್ನೊಂದು ಹಿಡಿ ತುರುಕಿದಳು. ಅತ್ತೆ ದಿಂಬನ್ನು ತಮ್ಮ ತಲೆಗೆ ಇಟ್ಟುಕೊಳ್ಳಲಿಲ್ಲ. ಅಕ್ಕನ ಬೆನ್ನ ಹಿಂದೆ ಸರಿಸಿ, "ಮೊದಲು ನೀನು ಒರಗಿ ನೋಡು. ಮುಂಜಾನಿಂದ ಕುಂತೀದಿ" ಎಂದರು.